ಮಗಳ ಫೆಲೋಶಿಪ್ ಬಂತೇ?

ಕಳೆದ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡಿದ್ದೆ. ಹೆಸರು ಬೇಡ ಅಂದಿದ್ದಾರೆ, ಊರು ಬೆಂಗಳೂರು. ಪತ್ರದ ಸಾರಾಂಶ ಹೀಗಿದೆ:

"ಮೇಡಂ, ನನ್ನ ಮಗಳಿಗೆ 27 ವರ್ಷ. ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ, ಎರಡನೇ ವರ್ಷ. ಫೆಲೋಶಿಪ್ ಮಂಜೂರಾಗಿದೆ, ಆದರೆ ಎಂಟು ತಿಂಗಳಿಂದ ಒಂದು ರೂಪಾಯಿಯೂ ಬಂದಿಲ್ಲ. ಹಾಸ್ಟೆಲ್ ಫೀಸು, ಬಸ್ಸು, ಜೆರಾಕ್ಸ್ ಎಲ್ಲಾ ನನ್ನ ಚೀಟಿ ಹಣದಲ್ಲೇ ನಡೀತಿದೆ. ಇದು ಯಜಮಾನರಿಗೆ ಗೊತ್ತಿಲ್ಲ. 'ಸಂಬಳವಿಲ್ಲದ ಓದು ಯಾವ ಓದು? ಬಿಡಿಸಿ ಮದುವೆ ಮಾಡೋಣ' ಅಂತ ಅವರು ದಿನಾ ಹೇಳ್ತಾರೆ. ಮಗಳು ಅಳ್ತಾಳೆ. ಬೇರೆ ಎಲ್ಲಾದರೂ ಹಣ ಸಿಗುತ್ತಾ? ನನ್ನ ತಂಗಿಯದೂ ಒಂದು ಪ್ರಶ್ನೆ ಇದೆ. ಅವಳಿಗೆ 41. ಎಂ.ಎಸ್ಸಿ. ಓದಿ ಮಕ್ಕಳಿಗಾಗಿ ಕೆಲಸ ಬಿಟ್ಟವಳು. ಈ ವಯಸ್ಸಿನಲ್ಲಿ ಸಂಶೋಧನೆ ಅಂದರೆ ಜನ ನಗ್ತಾರಾ?"

ತಾಯಿ, ನಗುವವರು ನಗಲಿ ಬಿಡಿ. ನೀವು ಕೇಳಿರುವುದು ನಿಮ್ಮ ಮನೆಯ ವಿಚಾರವಾದರೂ ಅದರ ಬೇರು ದೆಹಲಿಯಲ್ಲೂ ಇದೆ, ವಿಧಾನಸೌಧದಲ್ಲೂ ಇದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಫೆಲೋಶಿಪ್ ಎಂದರೆ ಪಾಕೆಟ್ ಮನಿ ಅಲ್ಲ

ಮೊದಲು ನಿಮ್ಮ ಯಜಮಾನರ ಮಾತಿಗೆ ಬರೋಣ. 'ಸಂಬಳವಿಲ್ಲದ ಓದು' ಅನ್ನುವುದು ತಪ್ಪು ತಿಳಿವಳಿಕೆ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್ ಪಡೆದವರಿಗೆ 2010ರಲ್ಲಿ ತಿಂಗಳಿಗೆ 16,000 ರೂಪಾಯಿ ಇತ್ತು. 2014ರಲ್ಲಿ 25,000, 2019ರಲ್ಲಿ 31,000 ಆಯಿತು. 2023ರ ಜನವರಿಯಿಂದ ಅನ್ವಯವಾಗುವಂತೆ 37,000 ಮಾಡಿದರು. ಎರಡು ವರ್ಷ ಮುಗಿದು ಸೀನಿಯರ್ ಆದ ಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆಯೂ ಉಂಟು. ಎಷ್ಟೋ ಖಾಸಗಿ ಕಾಲೇಜುಗಳು ಉಪನ್ಯಾಸಕರಿಗೆ ಇಷ್ಟು ಕೊಡುವುದಿಲ್ಲ.

ಆದರೆ ಪಿಎಚ್.ಡಿ. ಮಾಡುವವರಿಗೆಲ್ಲ ಇದು ಸಿಗುವುದಿಲ್ಲ, ತೊಡಕು ಇರುವುದೇ ಅಲ್ಲಿ. ಜೆಆರ್‌ಎಫ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿದವರಿಗೆ 'ನಾನ್-ನೆಟ್' ಫೆಲೋಶಿಪ್ ಇದೆ, ತಿಂಗಳಿಗೆ 8,000. 2015ರ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಲು ಯುಜಿಸಿ ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಕಚೇರಿ ಮುಂದೆ ಹಗಲು ರಾತ್ರಿ ಕೂತು ಹೋರಾಡಿದ್ದರು. ಫೆಲೋಶಿಪ್ ಉಳಿಯಿತು, ಮೊತ್ತ ಮಾತ್ರ ಬೆಳೆಯಲಿಲ್ಲ. ಇನ್ನು ಮೈಸೂರು, ಧಾರವಾಡ, ಬೆಂಗಳೂರಿನಂಥ ರಾಜ್ಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಈ 8,000ವೂ ಇಲ್ಲ. ವಿಶ್ವವಿದ್ಯಾಲಯ ತನ್ನ ಕೈಯಿಂದ ಏನಾದರೂ ಕೊಟ್ಟರೆ ಉಂಟು. ಆ ಕೈಯೂ ಈಗ ಬರಿದು. 2025ರ ಫೆಬ್ರುವರಿಯಲ್ಲಿ ಹಣದ ಕೊರತೆಯ ಕಾರಣ ಹೇಳಿ ರಾಜ್ಯದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನೇ ಮುಚ್ಚುವ ಮಾತು ಬಂದಿದ್ದು ನಿಮಗೆ ನೆನಪಿರಬಹುದು.

ಹಣ ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಮಂಜೂರಾದ ಹಣ ಬರದೇ ಇದ್ದಾಗ ನಾವು ನೇರವಾಗಿ ಸರ್ಕಾರವನ್ನು ಬೈಯುತ್ತೇವೆ. ಸರ್ಕಾರದ ಕಡೆಯಿಂದ ಅನುದಾನ ತಡವಾಗುವುದು ನಿಜ. ಕೆಲವು ವರ್ಷಗಳಿಂದ ಪರಿಶಿಷ್ಟ ಜಾತಿ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಫೆಲೋಶಿಪ್‌ಗಳ ಹೊಣೆ ಯುಜಿಸಿಯಿಂದ ಆಯಾ ಸಚಿವಾಲಯಗಳ ನಿಗಮಗಳಿಗೆ ಹೋಗಿದೆ. ಎಲ್ಲಿ ಕೇಳಬೇಕು ಅನ್ನುವುದೇ ಎಷ್ಟೋ ಮಕ್ಕಳಿಗೆ ಗೊತ್ತಾಗುತ್ತಿಲ್ಲ. ಅಲ್ಪಸಂಖ್ಯಾತರಿಗೆಂದು 2009ರಲ್ಲಿ ಶುರುವಾದ ಮೌಲಾನಾ ಆಜಾದ್ ಫೆಲೋಶಿಪ್ಪನ್ನಂತೂ 2022ರ ಡಿಸೆಂಬರಿನಲ್ಲಿ ಹೊಸಬರಿಗೆ ನಿಲ್ಲಿಸಿಯೇಬಿಟ್ಟರು.

ಆದರೆ ಇನ್ನೊಂದು ಗಂಟೂ ಇದೆ, ಇದನ್ನು ನಾವೇ ಬಿಚ್ಚಬಹುದು. ಯುಜಿಸಿ ಫೆಲೋಶಿಪ್ ಹಣ ಬರಬೇಕಾದರೆ ವಿದ್ಯಾರ್ಥಿ ಆ ತಿಂಗಳು ಹಾಜರಿದ್ದಳು, ಕೆಲಸ ಮಾಡಿದಳು ಅಂತ ವಿಶ್ವವಿದ್ಯಾಲಯ ಕಂಪ್ಯೂಟರಿನಲ್ಲಿ ದೃಢೀಕರಿಸಬೇಕು. ಅಲ್ಲಿ ಇಬ್ಬರು ಇರುತ್ತಾರೆ. ಒಬ್ಬರು ಮಾಹಿತಿ ತುಂಬುವವರು, ಇನ್ನೊಬ್ಬರು ಪರಿಶೀಲಿಸಿ ಒಪ್ಪುವವರು. ಇವರಲ್ಲಿ ಒಬ್ಬರು ರಜೆ ಹಾಕಿದರೂ ಸಾಕು, ಆ ತಿಂಗಳ ಹಣ ನಿಂತಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೂ ನಿಲ್ಲುತ್ತದೆ. ಎರಡು ವರ್ಷ ತುಂಬಿದಾಗ ಜೂನಿಯರ್‌ನಿಂದ ಸೀನಿಯರ್‌ಗೆ ಏರಿಸುವ ಕಾಗದ ಹೋಗದಿದ್ದರೂ ಅಷ್ಟೆ.

ಆದ್ದರಿಂದ ಮಗಳಿಗೆ ಹೇಳಿ: ಮೊದಲು ವಿಶ್ವವಿದ್ಯಾಲಯದ ಫೆಲೋಶಿಪ್ ವಿಭಾಗಕ್ಕೆ ಹೋಗಿ 'ನನ್ನ ಯಾವ ಯಾವ ತಿಂಗಳು ದೃಢೀಕರಣ ಆಗಿದೆ' ಅಂತ ಕೇಳಲಿ. ಬಾಯಿಮಾತಿನಲ್ಲಿ ಬೇಡ, ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಲಿ. ಅಲ್ಲಿ ಎಲ್ಲ ಸರಿಯಿದ್ದರೆ ಆ ಕಾಗದದ ಪ್ರತಿಯನ್ನಿಟ್ಟು ಹಣ ಕೊಡುವ ಸಂಸ್ಥೆಗೆ ಬರೆಯಲಿ. ಅದಕ್ಕೂ ಉತ್ತರವಿಲ್ಲದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಅಳುತ್ತಾ ಕೂರುವ ಬದಲು ಒಂದು ಫೈಲು ಮಾಡಿಕೊಳ್ಳುವುದು ಒಳ್ಳೆಯದು. ಗ್ಯಾಸ್ ಪುಸ್ತಕ, ರೇಷನ್ ಕಾರ್ಡು ಜೋಪಾನ ಮಾಡುವ ನಮಗೆ ಇದೇನು ಹೊಸದೇ? ನೀವೇ ಅವಳಿಗೆ ಕಲಿಸಿಕೊಡಿ. ಬಾಕಿ ಹಣ ಸಾಮಾನ್ಯವಾಗಿ ಮುಳುಗುವುದಿಲ್ಲ, ಒಟ್ಟಿಗೆ ಬರುತ್ತದೆ. ಇದನ್ನು ಯಜಮಾನರಿಗೂ ತಿಳಿಸಿ.

ಹೆಣ್ಣುಮಕ್ಕಳಿಗೆ ಇರುವ ಬಾಗಿಲುಗಳು

ಇನ್ನು 'ಬೇರೆ ಎಲ್ಲಿ ಸಿಗುತ್ತೆ' ಅನ್ನುವ ಪ್ರಶ್ನೆ. ಒಂದೇ ಕಾಲದಲ್ಲಿ ಎರಡು ಫೆಲೋಶಿಪ್ ಪಡೆಯುವಂತಿಲ್ಲ, ಅದು ನೆನಪಿರಲಿ. ಇನ್ನೂ ಏನೂ ಸಿಗದವರು ಇವನ್ನು ನೋಡಬಹುದು.

ನೆಟ್ ಪರೀಕ್ಷೆ: ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ, ಅಂದರೆ 35ರ ತನಕ. ಇದು ಗೊತ್ತಿಲ್ಲದೆ ಎಷ್ಟೋ ಜನ 30ಕ್ಕೇ ಕೈಚೆಲ್ಲುತ್ತಾರೆ.

ಒಬ್ಬಳೇ ಮಗಳಿಗೆ: 2022ರ ಸೆಪ್ಟೆಂಬರ್ 5ರಂದು ಯುಜಿಸಿ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಹೆಸರಿನ ಫೆಲೋಶಿಪ್ ಆರಂಭಿಸಿತು. ತಂದೆತಾಯಿಗೆ ಒಬ್ಬಳೇ ಮಗಳಾಗಿ, ಪೂರ್ಣಾವಧಿ ಪಿಎಚ್.ಡಿ.ಗೆ ಸೇರಿದ್ದರೆ ಅರ್ಜಿ ಹಾಕಬಹುದು. ಅಣ್ಣ ತಮ್ಮ ಇದ್ದರೆ ಬರುವುದಿಲ್ಲ. ಅವಳಿ ಹೆಣ್ಣುಮಕ್ಕಳಾದರೆ ಬರುತ್ತದೆ.

ಸಮಾಜ ವಿಜ್ಞಾನಕ್ಕೆ: 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಇತಿಹಾಸಕ್ಕೆ ಭಾರತೀಯ ಇತಿಹಾಸ ಸಂಶೋಧನಾ ಮಂಡಳಿ. ಎರಡೂ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತವೆ.

ನಮ್ಮ ರಾಜ್ಯದಲ್ಲಿ: ವಿಜ್ಞಾನ, ಎಂಜಿನಿಯರಿಂಗ್ ಸಂಶೋಧಕರಿಗೆ ಕೆಸ್ಟೆಪ್ಸ್ ಸಂಸ್ಥೆಯ ಮೂಲಕ ಪಿಎಚ್.ಡಿ. ಫೆಲೋಶಿಪ್ ಇದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಇಲಾಖೆಗಳನ್ನೂ ವಿಚಾರಿಸಿ. ಅವುಗಳ ನಿಯಮ, ಮೊತ್ತ ವರ್ಷ ವರ್ಷ ಬದಲಾಗುತ್ತವೆ, ಆದ್ದರಿಂದ ಆ ವರ್ಷದ ಪ್ರಕಟಣೆಯನ್ನೇ ಓದಬೇಕು.

ನಿಮ್ಮ ತಂಗಿಗೆ ಎರಡು ಮಾತು

41 ಏನೂ ದೊಡ್ಡ ವಯಸ್ಸಲ್ಲ. ಮನೆ, ಮಕ್ಕಳು ಅಂತ ವಿಜ್ಞಾನ ಬಿಟ್ಟ ಹೆಂಗಸರನ್ನು ವಾಪಸು ಕರೆಯಲೆಂದೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲಿ ಮಹಿಳಾ ವಿಜ್ಞಾನಿಗಳ ಯೋಜನೆ ಶುರುಮಾಡಿತು. ಈಗ ಅದು 'ವೈಸ್-ಕಿರಣ್' ಹೆಸರಿನಲ್ಲಿದೆ. ಅದರಲ್ಲಿ ಪಿಎಚ್.ಡಿ.ಗೆ, ಪಿಎಚ್.ಡಿ. ನಂತರದ ಸಂಶೋಧನೆಗೆ, ಪೇಟೆಂಟ್ ಮುಂತಾದ ಬೌದ್ಧಿಕ ಆಸ್ತಿ ಹಕ್ಕಿನ ತರಬೇತಿಗೆ ಬೇರೆ ಬೇರೆ ವಿಭಾಗಗಳಿವೆ. ಜೈವಿಕ ತಂತ್ರಜ್ಞಾನ ಇಲಾಖೆಯೂ 2011ರಲ್ಲಿ 'ಬಯೋಕೇರ್' ಎಂಬ ಇಂಥದ್ದೇ ಯೋಜನೆ ತಂದಿತ್ತು. ಇಂಥವಕ್ಕೆ ವರ್ಷವಿಡೀ ಅರ್ಜಿ ತೆಗೆದುಕೊಳ್ಳುವುದಿಲ್ಲ. ಕರೆ ಬಂದಾಗ ಹಾಕಬೇಕು. ಹಾಗಾಗಿ ತಂಗಿ ಈಗಲೇ ಮಾಡಬೇಕಾದ ಕೆಲಸ ಅಂದರೆ, ತನ್ನ ಹಳೇ ಕಾಲೇಜಿನ ಅಥವಾ ಹತ್ತಿರದ ಸಂಸ್ಥೆಯ ಒಬ್ಬ ಪ್ರಾಧ್ಯಾಪಕರನ್ನು ಕಂಡು 'ನಿಮ್ಮ ಪ್ರಯೋಗಾಲಯದಲ್ಲಿ ನನಗೆ ಜಾಗ ಕೊಡುತ್ತೀರಾ' ಅಂತ ಕೇಳುವುದು. ಕೆಲಸ ಮಾಡಲು ಒಪ್ಪುವ ಸಂಸ್ಥೆ ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದೇ ಕಷ್ಟ.

ಕಾಲೇಜಿನಲ್ಲಿ ಪಾಠ ಮಾಡುವ ಓದುಗರೂ ನಮ್ಮಲ್ಲಿದ್ದಾರೆ. ಹೊಸದಾಗಿ ನೇಮಕವಾದ ಅಧ್ಯಾಪಕರಿಗೆ ಡಿ.ಎಸ್. ಕೊಠಾರಿ ಹೆಸರಿನ 10 ಲಕ್ಷ ರೂಪಾಯಿವರೆಗಿನ ಸಂಶೋಧನಾ ಅನುದಾನವನ್ನೂ ಯುಜಿಸಿ 2022ರಲ್ಲೇ ಪ್ರಕಟಿಸಿತು. ರಾಜ್ಯದಲ್ಲಿ ವಿಜಿಎಸ್‌ಟಿ ಎಂಬ ವಿಜ್ಞಾನ ತಂತ್ರಜ್ಞಾನ ಸಮಿತಿಯ ಮೂಲಕ ಕಾಲೇಜು ಅಧ್ಯಾಪಕರಿಗೆ ಅನುದಾನ ಬರುತ್ತಿದೆ. ಆದರೆ ಇಂಥವು ಹೆಚ್ಚಾಗಿ ಕಾಯಂ ನೌಕರರಿಗೆ. ನಮ್ಮ ಸರ್ಕಾರಿ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವ ಸಾವಿರಾರು ಅತಿಥಿ ಉಪನ್ಯಾಸಕಿಯರು ಹೊರಗೇ ಉಳಿಯುತ್ತಾರೆ. ಇದು ಅನ್ಯಾಯ ಅಂತ ಹೇಳದೆ ವಿಧಿಯಿಲ್ಲ.

ಡಿಗ್ರಿಯೇ ಬೇಡ ಅನ್ನುವ ಬಾಗಿಲೂ ಇದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆ, ಜಾನಪದದಂಥ ವಿಷಯಗಳ ಸಂಶೋಧನೆಗೆ ಹಣ ಕೊಡುತ್ತದೆ, ಕನ್ನಡದಲ್ಲೇ ಪ್ರಸ್ತಾವ ಬರೆಯಬಹುದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್, ಸೀನಿಯರ್ ಫೆಲೋಶಿಪ್‌ಗಳೂ ಇವೆ. ಸೀನಿಯರ್ ಫೆಲೋಶಿಪ್ ಇರುವುದೇ 40 ದಾಟಿದವರಿಗೆ. ಅಜ್ಜಿಯಿಂದ ಸೋಬಾನೆ ಪದ ಕಲಿತವರು, ಸಂಗೀತ ನೃತ್ಯದಲ್ಲಿ ಪಳಗಿದವರು ಸುಮ್ಮನೆ ಕೂರಬೇಡಿ.

ದೊಡ್ಡ ಲೆಕ್ಕ ಏನು ಹೇಳುತ್ತದೆ?

ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇ. 0.64 ಮಾತ್ರ, ಇದು 2020-21ರ ಲೆಕ್ಕ. ನೂರು ರೂಪಾಯಿ ದುಡಿಯುವ ಮನೆ ಮಕ್ಕಳ ಪುಸ್ತಕಕ್ಕೆ ಅರವತ್ತನಾಲ್ಕು ಪೈಸೆ ಕೊಟ್ಟ ಹಾಗೆ. ಇದನ್ನು ಸರಿಪಡಿಸಲೆಂದು 2023ರಲ್ಲಿ ಕಾನೂನು ಮಾಡಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಟ್ಟಿದರು. ಐದು ವರ್ಷಕ್ಕೆ 50,000 ಕೋಟಿ ಅಂದರು. ಕೇಳಲು ಚೆನ್ನಾಗಿದೆ. ಆದರೆ ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ. ಉಳಿದ 36,000 ಕೋಟಿ ಕಂಪನಿಗಳು, ದಾನಿಗಳು ಮುಂತಾದ ಸರ್ಕಾರೇತರ ಮೂಲಗಳಿಂದ ಬರಬೇಕು. ಕಂಪನಿಯವರು ಬ್ಯಾಟರಿ, ಚಿಪ್ಪು, ಔಷಧಿಗೆ ಕೊಟ್ಟಾರು. ನಿಮ್ಮ ಮಗಳ ಸಮಾಜಶಾಸ್ತ್ರಕ್ಕೆ ಕೊಟ್ಟಾರೆಯೇ? 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಯ ಯೋಜನೆಯೂ ಖಾಸಗಿ ಉದ್ಯಮಕ್ಕೆ ಕಡಿಮೆ ಬಡ್ಡಿಯಲ್ಲಿ ಹಣ ಒದಗಿಸುವುದು. ಅದನ್ನು ಪೇಪರಿನಲ್ಲಿ ಓದಿ 'ಮಗಳಿಗೆ ಬರುತ್ತೆ' ಅಂದುಕೊಳ್ಳಬೇಡಿ.

ಒಂದು ಒಳ್ಳೆಯ ಸುದ್ದಿಯೂ ಇದೆ. 2024ರಲ್ಲಿ ಸಂಶೋಧನಾ ಅನುದಾನಕ್ಕೂ ಜಿಎಸ್‌ಟಿ ಕಟ್ಟಿ ಅಂತ ಕೆಲವು ದೊಡ್ಡ ಸಂಸ್ಥೆಗಳಿಗೆ ನೋಟಿಸು ಹೋಗಿತ್ತು. ಗಲಾಟೆಯಾದ ಮೇಲೆ ಸೆಪ್ಟೆಂಬರ್ 9ರ ಜಿಎಸ್‌ಟಿ ಮಂಡಳಿ ಸಭೆ ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಕೇಂದ್ರಗಳಿಗೆ ವಿನಾಯಿತಿ ಕೊಟ್ಟಿತು. ಕೇಳಿದರೆ ಸಿಗುತ್ತದೆ ಅನ್ನುವುದಕ್ಕೆ ಇದೂ ಒಂದು ಉದಾಹರಣೆ.

ಈ ಲೆಕ್ಕದ ನಡುವೆ ಹೆಣ್ಣುಮಕ್ಕಳ ಕಥೆ ಬೇರೆಯೇ. ದೇಶದ ಸಂಶೋಧಕರಲ್ಲಿ ಹೆಂಗಸರು ನೂರಕ್ಕೆ ಇಪ್ಪತ್ತೂ ಇಲ್ಲ. ಫೆಲೋಶಿಪ್ ತಡವಾದರೆ ಗಂಡುಹುಡುಗ ಸಾಲ ಮಾಡಿ ಮುಂದುವರಿಯುತ್ತಾನೆ, ಮನೆಯವರೂ 'ಹೇಗೋ ಮುಗಿಸು' ಅನ್ನುತ್ತಾರೆ. ಹುಡುಗಿಯ ಹಣ ತಡವಾದರೆ ಮದುವೆ ಮಾತು ಏಳುತ್ತದೆ. ಕಚೇರಿಯಲ್ಲಿ ಒಂದು ಸಹಿ ತಪ್ಪಿದ್ದಕ್ಕೆ ಒಬ್ಬಳ ಬದುಕಿನ ದಾರಿಯೇ ತಿರುಗಿಬಿಡುತ್ತದೆ.

ಮದುವೆ ಬೇಡ ಅಂತಲ್ಲ

ನಿಮ್ಮ ಯಜಮಾನರನ್ನು ವಿಲನ್ ಮಾಡುವುದು ನನ್ನ ಉದ್ದೇಶವಲ್ಲ. ಅವರದೂ ಚಿಂತೆಯೇ. ಆದರೆ ಮದುವೆಗಾಗಿ ಓದು ಬಿಡಿಸಬೇಕಾಗಿಲ್ಲ ಅನ್ನುವುದನ್ನು ಅವರಿಗೆ ತೋರಿಸಿ. 2022ರ ಯುಜಿಸಿ ನಿಯಮಗಳಲ್ಲೇ ಇದೆ: ಪಿಎಚ್.ಡಿ. ಅವಧಿ ಆರು ವರ್ಷ, ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೆ ಮತ್ತೂ ಎರಡು ವರ್ಷ ಸಡಿಲಿಕೆ, ಒಟ್ಟು ಹತ್ತು ವರ್ಷ ಮೀರಬಾರದು. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾದರೆ ಸಂಶೋಧನೆಯನ್ನು ಆ ಊರಿನ ಸಂಸ್ಥೆಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ, ಅದಕ್ಕೆ ಷರತ್ತುಗಳುಂಟು. ಗಂಡಿನ ಕಡೆಯವರ ಜೊತೆ ಮಾತಾಡುವಾಗ ಒಡವೆ, ಛತ್ರದ ವಿಷಯದ ಜೊತೆ ಇದನ್ನೂ ಮೊದಲೇ ಆಡಿಬಿಡಿ. ಒಪ್ಪದವರ ಮನೆಗೆ ಕೊಡುವ ಮುಂಚೆ ಎರಡು ಸಲ ಯೋಚಿಸಿ.

ಒಂದು ಎಚ್ಚರಿಕೆ: 'ಫೆಲೋಶಿಪ್ ಕೊಡಿಸ್ತೀವಿ, ಪ್ರೊಸೆಸಿಂಗ್ ಫೀಸು ಕಟ್ಟಿ' ಅಂತ ಫೋನು ಬಂದರೆ ಇಟ್ಟುಬಿಡಿ. ಪರೀಕ್ಷೆಗೆ ಶುಲ್ಕ ಇರಬಹುದು, ಮಂಜೂರು ಮಾಡಿಸಿಕೊಡಲು ಯಾವ ಸರ್ಕಾರಿ ಸಂಸ್ಥೆಯೂ ಹಣ ಕೇಳುವುದಿಲ್ಲ.

ಕೊನೆಯದಾಗಿ, ಚೀಟಿ ಹಣದ ವಿಷಯ ಯಜಮಾನರಿಗೆ ಹೇಳಿಬಿಡಿ. ಮುಚ್ಚಿಟ್ಟಷ್ಟೂ ಅದು ತಪ್ಪು ಅನ್ನಿಸಿಕೊಳ್ಳುತ್ತದೆ. ನೀವು ಮಾಡಿದ್ದು ತಪ್ಪಲ್ಲ. ಸರ್ಕಾರ ಕೊಡಬೇಕಾದ ಹಣವನ್ನು ಎಂಟು ತಿಂಗಳು ನೀವು ಕೊಟ್ಟಿದ್ದೀರಿ, ಅಷ್ಟೆ. ಬಾಕಿ ಬಂದ ದಿನ ಮೊದಲು ಆ ಚೀಟಿ ಹಣ ವಾಪಸು ತೆಗೆದುಕೊಳ್ಳಿ. ಆಮೇಲೆ ನಮಗೂ ಒಂದು ಸಾಲು ಬರೆದು ತಿಳಿಸಿ. ತಂಗಿಯ ವಿಷಯವನ್ನೂ ಮರೆಯಬೇಡಿ.