ಯಂತ್ರ ಕೂರಿಸುವ ಮೊದಲೇ ಸದ್ದಿನ ಲೆಕ್ಕ ಕೇಳೋಣ

ದೊಡ್ಡಬಳ್ಳಾಪುರದವರಿಗೆ ಮಗ್ಗದ ಸದ್ದು ಹೊಸದಲ್ಲ. ಒಂದು ಕೋಣೆಯಲ್ಲಿ ವಿದ್ಯುತ್ ಮಗ್ಗ, ಪಕ್ಕದ ಕೋಣೆಯಲ್ಲಿ ಮಕ್ಕಳ ಓದು. ಅದು ಅನ್ನ ಕೊಡುವ ಸದ್ದು, ದೂರುವವರು ಕಡಿಮೆ. ಆದರೆ ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆಯಂಥ ಕಡೆ ಕಾರ್ಖಾನೆಗಳ ಕಂಪ್ರೆಸರ್, ಜನರೇಟರ್, ದೊಡ್ಡ ಫ್ಯಾನುಗಳ ಮಾತು ಬೇರೆ. ಕೆಲಸ ಸಿಗುತ್ತದೆ, ನಿಜ. ನಿದ್ದೆ ಕೆಟ್ಟರೆ ಕೇಳುವವರು ಯಾರು?

2000ದ ಶಬ್ದ ಮಾಲಿನ್ಯ ನಿಯಮದಂತೆ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70. ನಡುವೆ ಇರುವುದು ಒಂದು ಕಾಂಪೌಂಡ್ ಗೋಡೆ ಅಷ್ಟೆ. ಸದ್ದಿಗೆ ಸರ್ವೆ ನಂಬರ್ ಗೊತ್ತಾಗುವುದಿಲ್ಲ.

ಒಂದು ಸರಳ ಲೆಕ್ಕ ನೋಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 10 ಮೀಟರಿನಲ್ಲಿ 85 ಇದ್ದ ಯಂತ್ರ 160 ಮೀಟರಿನಲ್ಲಿ 61, 640 ಮೀಟರಿನಲ್ಲಿ 49. ಅಷ್ಟು ದೂರದಲ್ಲೂ ರಾತ್ರಿಯ ಮಿತಿ ಮೀರಿದೆ! ಅಂಥವೇ ಹತ್ತು ಯಂತ್ರ ಸೇರಿದರೆ ಇನ್ನೂ 10 ಹೆಚ್ಚು.

ನಿಜವಾದ ಊರಿನಲ್ಲಿ ಗೋಡೆ, ತಗಡಿನ ಶೀಟು, ಗಾಳಿ, ಏರುತಗ್ಗು ಎಲ್ಲವೂ ಲೆಕ್ಕ ಬದಲಿಸುತ್ತವೆ. ಚಳಿಗಾಲದ ರಾತ್ರಿ ನೆಲದ ಹತ್ತಿರ ತಂಪು, ಮೇಲೆ ಬಿಸಿ ಇದ್ದರೆ ಸದ್ದು ಕೆಳಕ್ಕೆ ಬಾಗಿ ದೂರದವರೆಗೂ ಕೇಳುತ್ತದೆ. ಇದನ್ನೆಲ್ಲ ಸೇರಿಸಿ, ಯಾವ ಮನೆಗೆ ಎಷ್ಟು ಸದ್ದು ಬರುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಅಂದಾಜಿಸಿ ನಕ್ಷೆ ತೆಗೆಯಬಹುದು. ಎಂಜಿನಿಯರುಗಳಿಗೆ ಇದು ಹೊಸ ವಿದ್ಯೆಯಲ್ಲ. ಜನರೇಟರನ್ನು ಊರಿನ ಕಡೆ ಇಡದೆ ಆಚೆ ಬದಿಗೆ ಇಡುವುದು ಕಾಗದದ ಮೇಲೆ ಸುಲಭ. ಕಾಂಕ್ರೀಟ್ ಹಾಕಿದ ಮೇಲೆ ಕಷ್ಟ.

ದೊಡ್ಡ ಯೋಜನೆಗಳಿಗೆ ಪರಿಸರ ಸಾರ್ವಜನಿಕ ಸಭೆ ನಡೆದಾಗ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದರಲ್ಲಿ ಶಬ್ದದ ಪುಟ ಹುಡುಕಿ. ಎಲ್ಲ ಕಾರ್ಖಾನೆಗೂ ಆ ಸಭೆ ಇರುವುದಿಲ್ಲ. ಆಗ ಗ್ರಾಮಸಭೆಯಲ್ಲೇ ಮೂರು ಪ್ರಶ್ನೆ ಕೇಳಿ: ನಮ್ಮ ಕೊನೆಯ ಮನೆಗೆ ರಾತ್ರಿ ಎಷ್ಟು ಡೆಸಿಬಲ್ ಬರುತ್ತದೆ? ಎಲ್ಲ ಯಂತ್ರ ಒಟ್ಟಿಗೆ ಓಡಿದಾಗಿನ ಲೆಕ್ಕವೇ? ಯಂತ್ರ ಶುರುವಾದ ಮೇಲೆ ಅಳೆದು ತೋರಿಸುವವರು ಯಾರು?

ಮೊಬೈಲ್ ಆ್ಯಪ್‌ನಲ್ಲಿ ಅಳೆದದ್ದು ಪುರಾವೆಯಾಗದು, ಅಂದಾಜಿಗೆ ಸಾಕು. ಈಗಲೇ, ಕಾರ್ಖಾನೆ ಬರುವ ಮೊದಲೇ, ನಿಮ್ಮ ಊರಿನ ರಾತ್ರಿಯ ಸದ್ದು ಎಷ್ಟಿದೆ ಎಂದು ಬರೆದಿಡಿ. ನಾಳೆ ಹೋಲಿಸಲು ಬೇಕಾಗುತ್ತದೆ.