ಸರ್ಪಸುತ್ತಿಗೆ 72 ಗಂಟೆಯ ಗಡುವು

ಕಳೆದ ತಿಂಗಳು ಪುಣೆಯಲ್ಲಿ ಕೆಲಸದ ನಡುವೆ ನನ್ನ ಎಡ ಪಕ್ಕೆ ಉರಿಯತೊಡಗಿತು. ಕುರ್ಚಿಯಲ್ಲಿ ಕುಳಿತೇ ಬಂದ ನೋವೆಂದುಕೊಂಡೆ. ಮೂರನೇ ದಿನ ಸಾಲಾಗಿ ನೀರ್ಗುಳ್ಳೆಗಳು. ಫೋಟೊ ನೋಡಿದ ಅಮ್ಮ ಊರಿನಿಂದಲೇ ಹೇಳಿದರು: ‘ಸರ್ಪಸುತ್ತು ಕಣೋ. ತಲೆ-ಬಾಲ ಕೂಡುವ ಮೊದಲು ಬಂದು ಕೆಮ್ಮಣ್ಣು ಹಚ್ಚಿಸಿಕೊ.’

ಹೆಸರು ಸರಿ, ಹೆದರಿಕೆ ತಪ್ಪು. ಬಾಲ್ಯದಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಮಲಗಿರುತ್ತದೆ. ವಯಸ್ಸು, ಕಾಯಿಲೆಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು, ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತದೆ. ಆ ನರ ದೇಹದ ಒಂದೇ ಪಕ್ಕಕ್ಕೆ ಸೇರಿದ್ದು. ಹಾಗಾಗಿ ಗುಳ್ಳೆಗಳು ಸಾಮಾನ್ಯವಾಗಿ ಇನ್ನೊಂದು ಪಕ್ಕಕ್ಕೆ ದಾಟುವುದಿಲ್ಲ. ತಲೆ-ಬಾಲ ಕೂಡಿದರೆ ಸಾವು ಎಂಬುದಕ್ಕೆ ಆಧಾರವೂ ಇಲ್ಲ.

ಗುಳ್ಳೆಗಳು 7ರಿಂದ 10 ದಿನಗಳಲ್ಲಿ ಒಣಗಿ, 2ರಿಂದ 4 ವಾರಗಳಲ್ಲಿ ಮಾಯುತ್ತವೆ. ತಾನಾಗಿ ಮಾಯುವ ಗುಳ್ಳೆಯ ಕೀರ್ತಿ ಕೆಮ್ಮಣ್ಣಿಗೆ ಸಿಕ್ಕಿದೆ, ಅಷ್ಟೆ. ಆದರೆ ನರದ ನೋವು ಕೆಲವರಲ್ಲಿ, ಮುಖ್ಯವಾಗಿ ಹಿರಿಯರಲ್ಲಿ, ತಿಂಗಳುಗಟ್ಟಲೆ ಕಾಡುತ್ತದೆ. ವೈರಸ್ ತಡೆಯುವ ಮಾತ್ರೆಯನ್ನು ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಫಲ. ಊರಿನ ಬಸ್ಸಿಗೆ ಕಾಯುತ್ತ ನಾವು ಕಳೆಯುವುದು ಇದೇ ಸಮಯವನ್ನು. ಕಣ್ಣು, ಮೂಗಿನ ಬಳಿ ಗುಳ್ಳೆ ಎದ್ದರಂತೂ ಅಂದೇ ವೈದ್ಯರನ್ನು ಕಾಣಬೇಕು, ದೃಷ್ಟಿಗೇ ಅಪಾಯ.

ನಾನು ಅಂದು ಸಂಜೆಯೇ ಮಾತ್ರೆ ತೆಗೆದುಕೊಂಡೆ. ಈಗ ಚಿಂತೆ 62ರ ಅಮ್ಮನದು. 50 ದಾಟಿದವರಿಗೆ ಎರಡು ಡೋಸ್‌ಗಳ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. ದುಬಾರಿ ನಿಜ, ಆದರೂ ದೂರದೂರಿನಲ್ಲಿ ದುಡಿಯುವ ನಾವು ಹೆತ್ತವರ ಪರವಾಗಿ ವೈದ್ಯರನ್ನು ಕೇಳಬೇಕಾದ ಪ್ರಶ್ನೆಯದು. ಹರಕೆ ಬೇಕಿದ್ದರೆ ಇರಲಿ, ಅದಕ್ಕೆ ಗಡುವಿಲ್ಲ. ಮಾತ್ರೆಗಿದೆ.