ಪದವಿಯ ಬೆಲೆ

ವಿಶ್ವವಿದ್ಯಾನಿಲಯದ ಪದವಿ ಪಡೆದ ತಪ್ಪಿಗೆ ಒಬ್ಬನು ತನ್ನ ಜನರಿಂದಲೇ ಹೊರಗಾಗಬೇಕೆಂದು ಕಾನೂನೊಂದು ವಿಧಿಸಿತ್ತೆಂದರೆ ವಾಚಕರು ನಂಬಲಾರರು. ಕೆನಡಾದ 1876ರ ಇಂಡಿಯನ್ ಕಾಯಿದೆ ವಿಧಿಸಿದ್ದು ಇದನ್ನೇ. ಮೂಲನಿವಾಸಿಯೊಬ್ಬನು ಪದವೀಧರನೋ ವಕೀಲನೋ ಪಾದ್ರಿಯೋ ಆದನೆಂದರೆ, ಕಾಯಿದೆಯ ದೃಷ್ಟಿಯಲ್ಲಿ ಅವನು ಇನ್ನು ‘ಇಂಡಿಯನ್’ ಅಲ್ಲ. ಈ ಬಹಿಷ್ಕಾರಕ್ಕೆ ಪೌರಹಕ್ಕಿನ ದಾನವೆಂಬ ಸುಂದರವಾದ ಹೆಸರು ಬೇರೆ!

ಇಂದು ಅಲ್ಲಿ ಪ್ರಾಯಶ್ಚಿತ್ತದ ಕಾಲ. ಟೊರಾಂಟೋದ ರಯರ್ಸನ್ ವಿಶ್ವವಿದ್ಯಾನಿಲಯ 2022ರಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಮೂಲನಿವಾಸಿ ಮಕ್ಕಳ ವಸತಿಶಾಲೆಗಳಿಗೆ ದಾರಿ ತೋರಿದ 1847ರ ವರದಿ ಆ ರಯರ್ಸನ್ನನದು. ಸಂತೋಷವೇ. ಆದರೆ ಫಲಕ ಬದಲಿಸುವುದು ಅಗ್ಗದ ಕೆಲಸವೆಂದು ನನಗೆ ತೋರುತ್ತದೆ.

ಆ ಶಾಲೆಗಳು ಮಕ್ಕಳನ್ನು ದಂಡಿಸಿದ್ದು ತಾಯ್ನುಡಿಯನ್ನಾಡಿದ್ದಕ್ಕೆ. ಆದುದರಿಂದ ಸಾಲ ತೀರಬೇಕಾದದ್ದೂ ನುಡಿಯಲ್ಲಿಯೇ. ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಮುಂದಿಟ್ಟ 94 ಕರೆಗಳಲ್ಲಿ ಹದಿನಾರನೆಯದು ಕೇಳುವುದು ಇದನ್ನೇ: ಮೂಲನಿವಾಸಿಗಳ ಭಾಷೆಗಳಲ್ಲಿ ಪದವಿ ಶಿಕ್ಷಣ. ಒಂದು ಕಡ್ಡಾಯ ಪಾಠವನ್ನಿಟ್ಟು, ಸಮಾರಂಭದ ಮೊದಲಿಗೆ ‘ಇದು ಇಂತಹವರ ನೆಲ’ ಎಂದು ಓದಿ ಕುಳಿತುಕೊಳ್ಳುವವರಿಗೆ ಈ ಕರೆ ರುಚಿಸಲಿಕ್ಕಿಲ್ಲ. ಅದಕ್ಕೆ ಅಧ್ಯಾಪಕರು ಬೇಕು, ಹಣ ಬೇಕು, ಹಳ್ಳಿಯ ಹಿರಿಯರನ್ನು ವಿದ್ವಾಂಸರೆಂದು ಒಪ್ಪುವ ಮನಸ್ಸೂ ಬೇಕು.

ರೆಜೈನಾದಲ್ಲಿ ಮೂಲನಿವಾಸಿ ಮುಖಂಡರೇ 1976ರಲ್ಲಿ ಕಾಲೇಜೊಂದನ್ನು ತೆರೆದರು. ಇಂದು ಅದು ಫಸ್ಟ್ ನೇಷನ್ಸ್ ವಿಶ್ವವಿದ್ಯಾನಿಲಯ. ಕ್ರೀ ಭಾಷೆಯನ್ನು ಅಲ್ಲಿ ಕಲಿಸುತ್ತಾರೆ. ಆಯೋಗದ ಕರೆಗಾಗಿ ಅವರು ಕಾದು ಕುಳಿತಿರಲಿಲ್ಲ.